ಶವಾಗಾರದಲ್ಲಿ ಕೆಲಸಕ್ಕೆ ಸೇರುವುದು ಹೇಗೆ? ಕಾರವಾರ, ಶಿರಸಿ ಕಡೆಯ ಗೊತ್ತಿದ್ದವರು ತಿಳಿಸಿ

ಅಘನಾಶಿನಿ_ದಂಡೆ ಕೇಳಿದ್ದು:

ಊರು ಕುಮಟಾ ಹತ್ತಿರ. ಪಿಯುಸಿ ವಿಜ್ಞಾನ ಮುಗಿದಿದೆ. ನೀಟ್ ಅಂಕ ಎಂಬಿಬಿಎಸ್ ಸೀಟು ಸಿಗುವ ಮಟ್ಟದ್ದಲ್ಲ. ಆಸ್ಪತ್ರೆಯ ಶವಾಗಾರದಲ್ಲಿ ಕೆಲಸ ಮಾಡಬೇಕು ಎಂಬ ಯೋಚನೆ ಇದೆ. ಯೂಟ್ಯೂಬಿನಲ್ಲಿ ಹುಡುಕಿದರೆ ಒಂದೋ ಅಮೆರಿಕದ ಫ್ಯೂನರಲ್ ಹೋಮ್, ಇಲ್ಲದಿದ್ದರೆ ದೆವ್ವದ ಕಥೆ. ನನಗೆ ಬೇಕಾದದ್ದು ಮೂರು ವಿಷಯ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಸೇರುವ ದಾರಿ ಯಾವುದು? ದಿನದ ಕೆಲಸ ನಿಜಕ್ಕೂ ಏನಿರುತ್ತದೆ? ರೋಗ ಅಂಟುವ ಭಯ ಎಷ್ಟು ನಿಜ? ‘ಧೈರ್ಯ ಬೇಕು ಮಾರಾಯಾ’ ಅನ್ನುವ ಉತ್ತರ ಈಗಾಗಲೇ ಸಾಕಷ್ಟು ಸಿಕ್ಕಿದೆ, ಅದು ಬೇಡ.

ಕೋಡಿಬಾಗ_ಬಸ್‌ಸ್ಟಾಪ್ ಉತ್ತರ:

‘ಶವಾಗಾರದ ಕೆಲಸ’ ಅಂತ ಒಂದೇ ಹುದ್ದೆ ಇಲ್ಲ. ಪೋಸ್ಟ್‌ಮಾರ್ಟಂ (ಪಿಎಂ) ಮೇಜಿನ ಸುತ್ತ ನಿಂತವರು ಬೇರೆ ಬೇರೆ ದಾರಿಯಿಂದ ಬಂದಿರುತ್ತಾರೆ.

ದೇಹವನ್ನು ಬರಮಾಡಿಕೊಂಡು, ವೈದ್ಯರಿಗೆ ಕೈಜೋಡಿಸಿ, ಹೊಲಿದು, ತೊಳೆದು, ವಾರಸುದಾರರಿಗೆ ಒಪ್ಪಿಸುವವರು ಶವಾಗಾರದ ಸಹಾಯಕರು. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಡಿ ಗ್ರೂಪ್ ಕೆಲಸ, ಎಸ್ಸೆಸ್ಸೆಲ್ಸಿ ಸಾಕು. ಈಗ ಬಹುಪಾಲು ಹೊರಗುತ್ತಿಗೆ ಏಜೆನ್ಸಿ ಮೂಲಕವೇ ತೆಗೆದುಕೊಳ್ಳುತ್ತಾರೆ. ಹಾಗಾಗಿ ಪತ್ರಿಕೆಯಲ್ಲಿ ದೊಡ್ಡ ಜಾಹೀರಾತು ಬರಲಿ ಅಂತ ಕಾಯುತ್ತ ಕೂತರೆ ಆಗದು. ಆಸ್ಪತ್ರೆಯ ಆಡಳಿತ ವಿಭಾಗಕ್ಕೆ ಹೋಗಿ ಈಗಿನ ಗುತ್ತಿಗೆ ಯಾರ ಕೈಯಲ್ಲಿದೆ, ಯಾವಾಗ ಮುಗಿಯುತ್ತದೆ ಅಂತ ವಿಚಾರಿಸಿ. ಗುತ್ತಿಗೆ ಬದಲಾಗುವ ಸಮಯದಲ್ಲೇ ಜಾಗ ತೆರವಾಗುವುದು.

ಜಿಲ್ಲೆಯಲ್ಲಿ ಇದಕ್ಕೆ ದೊಡ್ಡ ಜಾಗ ಕಾರವಾರ. ಜಿಲ್ಲಾಸ್ಪತ್ರೆ ಈಗ ವೈದ್ಯಕೀಯ ಕಾಲೇಜಿಗೆ, ಅಂದರೆ ಕ್ರಿಮ್ಸ್‌ಗೆ ಸೇರಿದೆ. 2016ರಲ್ಲಿ ಕಾಲೇಜು ಶುರುವಾಗಿದ್ದರಿಂದ ಅಲ್ಲಿ ವಿಧಿವೈದ್ಯಶಾಸ್ತ್ರ ವಿಭಾಗವೂ ಇದೆ, ಅಂಗರಚನಾ ವಿಭಾಗವೂ ಇದೆ. ಶಿರಸಿ, ಕುಮಟಾ, ಹೊನ್ನಾವರ, ಭಟ್ಕಳದಂಥ ತಾಲೂಕು ಆಸ್ಪತ್ರೆಗಳ ರೀತಿ ಬೇರೆ. ಡ್ಯೂಟಿಯಲ್ಲಿರುವ ಎಂಬಿಬಿಎಸ್ ವೈದ್ಯರೇ ಪಿಎಂ ಮಾಡುತ್ತಾರೆ. ಸಹಾಯಕನಾದವನು ಬೆಳಿಗ್ಗೆ ವಾರ್ಡಿನಲ್ಲಿ, ಕರೆ ಬಂದಾಗ ಶವಾಗಾರದಲ್ಲಿ. ಇದೊಂದನ್ನೇ ಕಸುಬಾಗಿ ಕಲಿಯಬೇಕು ಅಂತಿದ್ದರೆ ಕಾರವಾರಕ್ಕೇ ಪ್ರಯತ್ನಿಸಿ.

ಪಿಯುಸಿ ವಿಜ್ಞಾನ ಇದೆಯಲ್ಲ, ಪ್ಯಾರಾಮೆಡಿಕಲ್ ಬೋರ್ಡಿನ ಡಿಎಂಎಲ್‌ಟಿ (ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನದ ಡಿಪ್ಲೊಮಾ) ಮಾಡಿಕೊಂಡರೆ ಕಾಲೇಜಿನ ವಿಭಾಗಗಳಲ್ಲಿ ಲ್ಯಾಬ್ ಟೆಕ್ನಿಷಿಯನ್ ಹುದ್ದೆಗೆ ಅರ್ಜಿ ಹಾಕಬಹುದು. ಮಾದರಿ ಇಡುವುದು, ಅಂಗಾಂಶದ ಸ್ಲೈಡು ಮಾಡುವುದು, ಮ್ಯೂಸಿಯಂ ಜಾರುಗಳ ಉಸ್ತುವಾರಿ ಅವರದ್ದು. ಸಂಬಳದಲ್ಲೂ ಮುಂದಿನ ಬೆಳವಣಿಗೆಯಲ್ಲೂ ಡಿ ಗ್ರೂಪಿಗಿಂತ ಎಷ್ಟೋ ಮೇಲು. ನನ್ನ ಕೇಳಿದರೆ ನಿಮಗೆ ಇದೇ ಸರಿ.

ಬಿಎಸ್ಸಿ ಫೊರೆನ್ಸಿಕ್ ಬಗ್ಗೆ ಬಹಳ ಜನ ತಪ್ಪು ತಿಳಿದಿದ್ದಾರೆ. ಧಾರವಾಡದಲ್ಲೇ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ, ಓದು ಒಳ್ಳೆಯದೇ. ಆದರೆ ಅದು ಕರೆದೊಯ್ಯುವುದು ಎಫ್‌ಎಸ್‌ಎಲ್‌ಗೆ, ಅಂದರೆ ಕೇಸಿನ ಸಾಕ್ಷ್ಯ ಪರೀಕ್ಷಿಸುವ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ: ವಿಷ, ರಕ್ತ, ಡಿಎನ್‌ಎ, ಬೆರಳಚ್ಚು. ಪಿಎಂ ಮೇಜಿಗೆ ಆ ಡಿಗ್ರಿ ದಾರಿಯಲ್ಲ. ಪಿಎಂ ವರದಿಗೆ ಸಹಿ ಹಾಕುವವರು ವೈದ್ಯರು ಮಾತ್ರ. ಅದನ್ನೇ ವೃತ್ತಿ ಮಾಡಿಕೊಳ್ಳುವವರು ಎಂಬಿಬಿಎಸ್ ಮೇಲೆ 3 ವರ್ಷದ ಎಂಡಿ ಫೊರೆನ್ಸಿಕ್ ಮೆಡಿಸಿನ್ ಮಾಡುತ್ತಾರೆ.

ಇನ್ನು, ‘ಆರು ತಿಂಗಳ ಮಾರ್ಚುರಿ ಡಿಪ್ಲೊಮಾ, ಕೆಲಸ ಗ್ಯಾರಂಟಿ’ ಅಂತ ಯಾರಾದರೂ ದುಡ್ಡು ಕೇಳಿದರೆ ಒಂದೇ ಪ್ರಶ್ನೆ ಹಾಕಿ: ಯಾವ ಇಲಾಖೆಯ ವೃಂದ ಮತ್ತು ನೇಮಕಾತಿ ನಿಯಮದಲ್ಲಿ ಈ ಸರ್ಟಿಫಿಕೇಟಿನ ಹೆಸರಿದೆ, ತೋರಿಸಿ. ಮಾತು ಅಲ್ಲಿಗೇ ನಿಲ್ಲುತ್ತದೆ.

ಮೇಜು_ನಂ_2 ಉತ್ತರ:

ದಾರಿ ಬಗ್ಗೆ ಮೇಲಿನವರು ಹೇಳಿಯಾಯಿತು. ಕೆಲಸದ ಬಗ್ಗೆ ನಾನು ಬರೆಯುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಮತ್ತು ಹೊಟ್ಟೆ ತೊಳಸುವವರು ಓದದಿದ್ದರೂ ಅಡ್ಡಿಯಿಲ್ಲ.

ದೇಹ ಬಾಗಿಲಿಗೆ ಬಂದಾಗ ಮೊದಲು ಕಾಗದ. ಪೊಲೀಸರ ಕೋರಿಕೆ ಪತ್ರ ಅಥವಾ ವಾರ್ಡಿನ ಡೆತ್ ಮೆಮೊ ಇಲ್ಲದೆ ಒಳಗೆ ತೆಗೆದುಕೊಳ್ಳಬೇಡಿ. ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ, ಬಂದ ಸಮಯ, ತಂದವರ ಹೆಸರು, ಠಾಣೆ, ಯುಡಿಆರ್ (ಅಸಹಜ ಸಾವಿನ ವರದಿ) ಅಥವಾ ಅಪರಾಧ ಸಂಖ್ಯೆ, ಮೈಮೇಲಿನ ವಸ್ತು. ಆಭರಣ ಬರೆಯುವಾಗ ‘ಚಿನ್ನದ ಸರ’ ಅಂತ ಬರೆಯಕೂಡದು. ‘ಹಳದಿ ಲೋಹದ ಸರ 1’ ಅಂತಲೇ ಬರೆಯಬೇಕು. ಅದು ಚಿನ್ನವೋ ರೋಲ್ಡ್‌ಗೋಲ್ಡೋ ಪರೀಕ್ಷಿಸಿದವರು ನೀವಲ್ಲ. ಮುಂದೆ ತಕರಾರು ಬಂದರೆ ಉತ್ತರಿಸಬೇಕಾದವರು ಮಾತ್ರ ನೀವೇ.

ಗುರುತಿನ ಚೀಟಿ ಎರಡು. ಒಂದು ಕಾಲಿನ ಹರಡಿಗೆ, ಇನ್ನೊಂದು ಚೀಲದ ಹೊರಗೆ. ಬಾಲ್‌ಪೆನ್ನಿನಲ್ಲಿ ಬರೆದರೆ ಫ್ರೀಜರಿನ ತೇವಕ್ಕೆ ಶಾಯಿ ಹರಿದು ಹೋಗುತ್ತದೆ. ಪೆನ್ಸಿಲ್ ಅಥವಾ ವಾಟರ್‌ಪ್ರೂಫ್ ಮಾರ್ಕರ್ ಬಳಸಿ. ಹೆದ್ದಾರಿ 66ರಲ್ಲಿ ಒಂದೇ ಅಪಘಾತದಿಂದ ಮೂರ್ನಾಲ್ಕು ದೇಹ ಒಟ್ಟಿಗೆ ಬಂದಾಗ ಅದಲುಬದಲಾಗುವುದು ಈ ಚೀಟಿಯ ಹಂತದಲ್ಲೇ. ಚೀಲಕ್ಕೆ ಮಾತ್ರ ಚೀಟಿ ಹಾಕಿ, ಆಮೇಲೆ ಒದ್ದೆಯಾಯಿತೆಂದು ಚೀಲ ಬದಲಿಸುತ್ತಾರೆ. ಅಲ್ಲಿಗೆ ಗುರುತು ತಪ್ಪಿತು.

ಮಲಗಿಸುವಾಗ ತಲೆ ಕೆಳಗೆ ಮರದ ಅಥವಾ ರಬ್ಬರಿನ ದಿಂಬಿಡಿ. ತಲೆ ತಗ್ಗಿದರೆ ರಕ್ತ ಮುಖಕ್ಕೆ ಇಳಿದು ಕಪ್ಪಗಾಗುತ್ತದೆ. ಮನೆಯವರು ಅದನ್ನು ಹೊಡೆತದ ಗುರುತೆಂದು ತಿಳಿದು ಗಲಾಟೆ ಎಬ್ಬಿಸುತ್ತಾರೆ.

ಕೋಲ್ಡ್ ಸ್ಟೋರೇಜಿನ ಉಷ್ಣತೆ 4 ಡಿಗ್ರಿ ಸೆಲ್ಸಿಯಸ್ ಆಸುಪಾಸು, 2ರಿಂದ 6ರ ಒಳಗೆ. ಎಷ್ಟು ತಂಪಾದರೆ ಅಷ್ಟು ಒಳ್ಳೆಯದು ಎಂದುಕೊಂಡು ಶೂನ್ಯಕ್ಕಿಂತ ಕೆಳಗಿಳಿಸಬೇಡಿ. ಹೆಪ್ಪುಗಟ್ಟಿದ ದೇಹ ಕರಗುವವರೆಗೆ ಪಿಎಂ ಮಾಡಲಾಗುವುದಿಲ್ಲ. ಕರಗಿದ ಮೇಲೂ ಜೀವಕೋಶ ಒಡೆದಿರುವುದರಿಂದ ಸೂಕ್ಷ್ಮದರ್ಶಕದಡಿ ಏನೂ ಸರಿಯಾಗಿ ಕಾಣದು. ಮೈನಸ್ ಡಿಗ್ರಿಯ ಖಾನೆ ಇರುವುದು ವಾರಗಟ್ಟಲೆ ಇಡಬೇಕಾದ ಗುರುತಿಲ್ಲದ ದೇಹಗಳಿಗೆ.

ಪಿಎಂ ಶುರುವಾಗುವ ಮೊದಲು ಪಂಚನಾಮೆ ಆಗಿರಬೇಕು. ಹಿಂದೆ ಸಿಆರ್‌ಪಿಸಿ 174 ಅನ್ನುತ್ತಿದ್ದದ್ದು 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮು. ಮದುವೆಯಾಗಿ 7 ವರ್ಷದೊಳಗೆ ಹೆಣ್ಣುಮಗಳು ಅಸಹಜವಾಗಿ ತೀರಿಕೊಂಡಿದ್ದರೆ ತಹಶೀಲ್ದಾರರೋ ಉಪವಿಭಾಗಾಧಿಕಾರಿಯೋ ಬಂದು ಪಂಚನಾಮೆ ಮಾಡಬೇಕು. ಅವರು ಬರುವುದು ತಡವಾದರೆ ಹೊರಗೆ ನಿಂತ ಬಂಧುಗಳು ರೇಗುವುದು ಬಾಗಿಲಲ್ಲಿರುವ ಸಹಾಯಕನ ಮೇಲೆ. ಕಾರಣವನ್ನು ಶಾಂತವಾಗಿ ಹೇಳಲು ಬಂದರೆ ಅರ್ಧ ಕೆಲಸ ಮುಗಿದಂತೆ. ಕಾರವಾರದಲ್ಲಿ ಕೊಂಕಣಿ ಬಂದರೆ ಇನ್ನೂ ಸಲೀಸು.

ಬಟ್ಟೆ ಬಿಚ್ಚುವುದರಲ್ಲೂ ಕ್ರಮವಿದೆ. ಆದಷ್ಟು ಕತ್ತರಿ ಹಾಕದೆ ತೆಗೆಯಬೇಕು. ಹಾಕಲೇಬೇಕಾದರೆ ಹರಿದ ಜಾಗ, ರಕ್ತದ ಕಲೆ, ಚಾಕುವಿನ ತೂತು ಬಿಟ್ಟು ಬೇರೆ ಕಡೆ. ಒದ್ದೆ ಬಟ್ಟೆಯನ್ನು ನೆರಳಲ್ಲಿ ಗಾಳಿಗೆ ಒಣಗಿಸಿ ಕಾಗದದ ಲಕೋಟೆಗೆ ಹಾಕಬೇಕು. ಹಸಿಯದನ್ನೇ ಪ್ಲಾಸ್ಟಿಕ್ಕಿಗೆ ತುರುಕಿದರೆ ನಮ್ಮ ಕರಾವಳಿಯ ಹವೆಗೆ ಎರಡೇ ದಿನದಲ್ಲಿ ಬೂಸಲು ಹಿಡಿದು ರಕ್ತದ ಕಲೆ ಪರೀಕ್ಷೆಗೆ ಬಾರದಂತಾಗುತ್ತದೆ.

ಕೊಯ್ಯುವುದು ವೈದ್ಯರ ಕೆಲಸ. ತಲೆಬುರುಡೆ ತೆರೆಯುವುದನ್ನು ಸಹಾಯಕರಿಗೆ ಬಿಡುವ ರೂಢಿ ಎಷ್ಟೋ ಕಡೆ ಇದೆ. ವೈದ್ಯರು ಪಕ್ಕದಲ್ಲಿ ನಿಂತಿರದೆ ಉಪಕರಣ ಮುಟ್ಟಬೇಡಿ, ಇದರಲ್ಲಿ ಮುಲಾಜು ಬೇಡ. ಒಂದು ಕಿವಿಯ ಹಿಂದಿನಿಂದ ನೆತ್ತಿಯ ಮೇಲೆ ಹಾದು ಇನ್ನೊಂದು ಕಿವಿಯ ಹಿಂದಿನವರೆಗೆ ಚರ್ಮ ಬಿಡಿಸಿ, ಮುಂದಕ್ಕೂ ಹಿಂದಕ್ಕೂ ಮಡಚಿ, ಆಮೇಲೆ ಗರಗಸ. ಗರಗಸ ಆಳಕ್ಕೆ ಇಳಿದರೆ ಮೆದುಳಿನ ಹೊದಿಕೆ ಹರಿಯುತ್ತದೆ. ಅರ್ಧ ಕೊಯ್ದು ಉಳಿದದ್ದನ್ನು ಉಳಿ ಸುತ್ತಿಗೆಯಿಂದ ಜೋರಾಗಿ ಬಡಿದು ಬಿಡಿಸಿದರೆ ಬುರುಡೆಯಲ್ಲಿ ಹೊಸ ಬಿರುಕು ಬೀಳುತ್ತದೆ. ತಲೆಗೆ ಪೆಟ್ಟು ಬಿದ್ದ ಕೊಲೆ ಕೇಸಿನಲ್ಲಿ ಆ ಬಿರುಕು ಹಳೆಯದೋ ಮೇಜಿನ ಮೇಲೆ ಆದದ್ದೋ ಅಂತ ನ್ಯಾಯಾಲಯದಲ್ಲಿ ವೈದ್ಯರು ತಡವರಿಸಬೇಕಾಗುತ್ತದೆ. ಹಣೆಯ ಭಾಗದಲ್ಲಿ ನೇರ ವೃತ್ತ ಕೊಯ್ಯದೆ ಸಣ್ಣ ಮೂಲೆ ಬರುವಂತೆ ಕೊಯ್ದರೆ ಮುಚ್ಚುವಾಗ ಬುರುಡೆಯ ಮೇಲ್ಚಿಪ್ಪು ಜಾರದೆ ಕೂರುತ್ತದೆ. ಇಲ್ಲವಾದರೆ ಹಣೆಯ ಮೇಲೆ ಮೆಟ್ಟಿಲಿನಂಥ ಗೆರೆ ಎದ್ದು ಮುಖವೇ ಬೇರೆ ಕಾಣುತ್ತದೆ.

ವಿಸೆರಾ, ಅಂದರೆ ವಿಷ ಪರೀಕ್ಷೆಗೆ ಕಳಿಸುವ ಅಂಗ. ಎಡವಟ್ಟು ಹೆಚ್ಚಾಗುವ ಜಾಗ ಇದೇ. ರೂಢಿಯ ಲೆಕ್ಕ ಹೀಗೆ: ಒಂದು ಜಾರಿನಲ್ಲಿ ಇಡೀ ಜಠರ ಒಳಗಿನ ಪದಾರ್ಥದ ಸಮೇತ, ಜೊತೆಗೆ ಸಣ್ಣಕರುಳಿನ ಮೇಲಿನ 30 ಸೆಂ.ಮೀ. ಇನ್ನೊಂದರಲ್ಲಿ ಯಕೃತ್ತು 500 ಗ್ರಾಂ, ಎರಡೂ ಮೂತ್ರಪಿಂಡದಿಂದ ಅರ್ಧರ್ಧ. ರಕ್ತ 10 ಮಿ.ಲೀ., ಅದಕ್ಕೆ ಸೋಡಿಯಂ ಫ್ಲೋರೈಡ್ 100 ಮಿ.ಗ್ರಾಂ. ಅಂಗಗಳಿಗೆ ಸಾಮಾನ್ಯವಾಗಿ ಉಪ್ಪಿನ ತಿಳಿ. ಲೀಟರ್ ನೀರಿಗೆ ಸುಮಾರು 360 ಗ್ರಾಂ ಉಪ್ಪು ಹಿಡಿಯುತ್ತದೆ. ಕಲಕಿದ ಮೇಲೂ ತಳದಲ್ಲಿ ಉಪ್ಪು ಉಳಿದಿದ್ದರೆ ಮಾತ್ರ ತಿಳಿ ಪೂರ್ಣವಾಗಿದೆ ಅಂತ ಅರ್ಥ. ಅಂಗ ಮುಳುಗಬೇಕು, ಜಾರಿನ ಮೂರರಲ್ಲೊಂದು ಭಾಗ ಖಾಲಿ ಇರಬೇಕು. ಕಂಠಪೂರ್ತಿ ತುಂಬಿಸಿದರೆ ಅನಿಲ ಎದ್ದು ಮುಚ್ಚಳ ಹಾರುತ್ತದೆ, ಸೀಲು ಒಡೆಯುತ್ತದೆ, ಎಫ್‌ಎಸ್‌ಎಲ್‌ನವರು ಮಾದರಿಯನ್ನು ಹಿಂದಕ್ಕೆ ಕಳಿಸುತ್ತಾರೆ. ಬಳಸಿದ ಉಪ್ಪಿನ ತಿಳಿಯ ಮಾದರಿಯನ್ನೂ ಬೇರೆ ಬಾಟಲಿಯಲ್ಲಿ ಕಳಿಸಬೇಕು.

ಸೂಕ್ಷ್ಮದರ್ಶಕದ ಪರೀಕ್ಷೆಗೆ ಹೋಗುವ ತುಂಡಿಗೆ ಮಾತ್ರ ಫಾರ್ಮಲಿನ್: ಅಂಗಡಿಯಿಂದ ಬರುವ ಗಟ್ಟಿ ದ್ರಾವಣ 1 ಪಾಲು, ನೀರು 9 ಪಾಲು, ತುಂಡಿನ ಗಾತ್ರದ 10 ಪಟ್ಟು ದ್ರವ. ಈ ಎರಡು ಅದಲುಬದಲಾದರೆ ಕೇಸೇ ಕೆಟ್ಟಂತೆ. ಫಾರ್ಮಲಿನ್ ಅಂಗವನ್ನು ಗಟ್ಟಿ ಮಾಡಿ ವಿಷವನ್ನು ಬೇರ್ಪಡಿಸಲು ಬಿಡುವುದಿಲ್ಲ, ಉಪ್ಪುನೀರಲ್ಲಿ ಬಿದ್ದ ತುಂಡಿನಿಂದ ಸರಿಯಾದ ಸ್ಲೈಡು ಬರುವುದಿಲ್ಲ. ಎರಡರ ಕ್ಯಾನನ್ನೂ ಬೇರೆ ಬೇರೆ ಕಪಾಟಿನಲ್ಲಿ, ಬೇರೆ ಬಣ್ಣದ ಪಟ್ಟಿ ಅಂಟಿಸಿ ಇಡುವುದೇ ಉಪಾಯ.

ಸೀಲಿಗೆ ಅರಗು, ವೈದ್ಯರ ಮುದ್ರೆ, ಮುದ್ರೆಯ ಮಾದರಿ ಕಾಗದ, ಒಯ್ಯುವ ಪೊಲೀಸರ ಸಹಿ. ಮುದ್ರೆ ನಿಮ್ಮ ಕೈಯಲ್ಲಿ ಇರಕೂಡದು. ಪೊಲೀಸರು ಆ ದಿನ ಒಯ್ಯದಿದ್ದರೆ ಬಾಕಿ ಪುಸ್ತಕದಲ್ಲಿ ಬರೆದು ಫ್ರಿಜ್ಜಿನಲ್ಲಿಟ್ಟು ಬೀಗ ಹಾಕಿ.

ಹೊಲಿಗೆಗೆ ಎಸ್ ಆಕಾರದ ದೊಡ್ಡ ಸೂಜಿ, ದಪ್ಪ ಹತ್ತಿ ದಾರ. ಹೊಲಿಯುವ ಮೊದಲು ಒಳಗಿನ ದ್ರವವೆಲ್ಲ ತೆಗೆದು ಒರೆಸಿ ಹತ್ತಿ ತುಂಬಬೇಕು. ಇದನ್ನು ಬಿಟ್ಟರೆ ಹೊಲಿಗೆ ಎಷ್ಟೇ ಚೆಂದ ಇದ್ದರೂ ಆಂಬುಲೆನ್ಸಿನಲ್ಲಿ ಸೋರುತ್ತದೆ. ಚರ್ಮದ ಒಳಗಿನಿಂದ ಹೊರಕ್ಕೆ ಸೂಜಿ ಹಾಕಿ, ಸೆಂ.ಮೀ.ಗೊಂದು ಹೊಲಿಗೆ. ಮನೆಯವರು ನೋಡುವುದು ಮುಖ ಮತ್ತು ಕತ್ತು ಮಾತ್ರ, ಅಲ್ಲಿ ಹೊಲಿಗೆ ಇನ್ನಷ್ಟು ಹತ್ತಿರ ಬರಲಿ.

ಒಪ್ಪಿಸುವಾಗ ಪೊಲೀಸರ ಪತ್ರ, ವಾರಸುದಾರರ ಗುರುತಿನ ಚೀಟಿ, ಕಾಲಿನ ಚೀಟಿ, ರಿಜಿಸ್ಟರು ನಾಲ್ಕೂ ತಾಳೆಯಾಗಬೇಕು. ಮುಖ ತೋರಿಸಿಯೇ ಸಹಿ ತೆಗೆದುಕೊಳ್ಳಿ. ಪಿಎಂಗೆ ಶುಲ್ಕ ಇಲ್ಲ. ‘ಚಹಾಕ್ಕೆ’ ಅಂತ ಯಾರೇ ಕೊಟ್ಟರೂ ಮುಟ್ಟಬೇಡಿ. ಈ ಕಸುಬಿಗೆ ಕೆಟ್ಟ ಹೆಸರು ಬಂದದ್ದೇ ಆ ಹತ್ತಿಪ್ಪತ್ತು ರೂಪಾಯಿಯಿಂದ ಶುರುವಾಗಿ.

ಗಂಗಾವಳಿ_ಅಳಿವೆ ಉತ್ತರ:

ಮೇಲಿನ ಉತ್ತರಕ್ಕೆ ಕರಾವಳಿಯ ಒಂದು ವಿಷಯ ಸೇರಿಸುತ್ತೇನೆ. ಗೋಕರ್ಣ, ಮುರ್ಡೇಶ್ವರದ ಕಡಲು, ಕಾಳಿ, ಗಂಗಾವಳಿ, ಶರಾವತಿ ಇರುವ ಜಿಲ್ಲೆಯಲ್ಲಿ ನೀರಿನ ಹೆಣ ಬಂದೇ ಬರುತ್ತದೆ.

ನೀರಿನಿಂದ ಮೇಲೆತ್ತಿದ ದೇಹ ದಡದಲ್ಲಿ ಬಹಳ ಬೇಗ ಕೆಡುತ್ತದೆ. ಪಂಚನಾಮೆ ಮುಗಿದ ಕೂಡಲೇ ತಂಪಿಗೆ ಸೇರಿಸಿ. ಎತ್ತುವಾಗ ಕೈಹಿಡಿದು ಎಳೆಯಬೇಡಿ. ಕೆಲವು ದಿನ ನೀರಲ್ಲಿದ್ದ ಕೈಯ ಚರ್ಮ ಉಗುರು ಸಮೇತ ಕೈಗವಸಿನ ಹಾಗೆ ಕಳಚಿ ಬರುತ್ತದೆ. ಕಳಚಿದರೆ ಎಸೆಯಬೇಡಿ, ಎಡ ಬಲ ಬರೆದು ಬೇರೆ ಬೇರೆ ಡಬ್ಬಿಯಲ್ಲಿಡಿ. ಬೆರಳಚ್ಚು ತಜ್ಞರು ಅದರಿಂದಲೂ ಗುರುತು ತೆಗೆಯಬಲ್ಲರು. ರೆಪ್ಪೆ, ತುಟಿ, ಕಿವಿಯ ಅಂಚು ಇಲ್ಲದಿದ್ದರೆ ಸಾಮಾನ್ಯವಾಗಿ ಅದು ಮೀನು, ಏಡಿಯ ಕೆಲಸ. ಸಂಬಂಧಿಕರ ಎದುರು ಮಾತ್ರ ನೀವಾಗಿ ಯಾವ ವಿವರಣೆಯನ್ನೂ ಕೊಡಬೇಡಿ, ಅದು ವೈದ್ಯರ ಮಾತು.

ಮೈಮೇಲೆ ಕೆಸರಿದೆ, ಮರಳಿದೆ ಅಂತ ವೈದ್ಯರು ನೋಡುವ ಮೊದಲೇ ಪೈಪು ಹಿಡಿದು ತೊಳೆಯುವುದು ದೊಡ್ಡ ತಪ್ಪು. ಮೂಗಿನ ಹತ್ತಿರದ ನೊರೆ, ಮುಷ್ಟಿಯಲ್ಲಿನ ಹುಲ್ಲು, ಮರಳು ಎಲ್ಲ ಸಾಕ್ಷ್ಯ. ಡಯಾಟಮ್ (ನೀರಿನಲ್ಲಿರುವ ಸೂಕ್ಷ್ಮ ಪಾಚಿ) ಪರೀಕ್ಷೆಗೆ ಎದೆಮೂಳೆ ಅಥವಾ ತೊಡೆಮೂಳೆ ತೆಗೆಯುವಾಗ ಉಪಕರಣವನ್ನೂ ಡಬ್ಬಿಯನ್ನೂ ಡಿಸ್ಟಿಲ್ಡ್ ನೀರಲ್ಲಿ ತೊಳೆದಿರಬೇಕು. ನಲ್ಲಿ ನೀರಲ್ಲೂ ಡಯಾಟಮ್ ಇರಬಹುದು. ಮುಳುಗಿದ ಜಾಗದ ನೀರಿನ ಮಾದರಿಯನ್ನು ಪೊಲೀಸರು ತಂದುಕೊಡಬೇಕು, ಹೋಲಿಸಲು.

ಡಿಎನ್‌ಎಗೆ ಇಡುವ ಹಲ್ಲು, ಮೂಳೆ, ಸ್ನಾಯುವನ್ನು ಫಾರ್ಮಲಿನ್‌ಗೆ ಹಾಕಬಾರದು, ಡಿಎನ್‌ಎ ತುಂಡಾಗುತ್ತದೆ. 2024ರ ಜುಲೈ 16ರ ಶಿರೂರು ಗುಡ್ಡ ಕುಸಿತ ಎಲ್ಲರಿಗೂ ನೆನಪಿರಬಹುದು. ಸೆಪ್ಟೆಂಬರಿನಲ್ಲಿ ನದಿಯಿಂದ ಲಾರಿ ಮೇಲೆತ್ತಿದಾಗ ಒಳಗೆ ಸಿಕ್ಕ ದೇಹವನ್ನು ಡಿಎನ್‌ಎ ಹೊಂದಿಕೆಯಾದ ಮೇಲೇ ಮನೆಯವರಿಗೆ ಕೊಟ್ಟದ್ದು. ಅಂಥ ಹೊತ್ತಲ್ಲಿ ಶವಾಗಾರದವರು ಮಾದರಿಯನ್ನು ಹೇಗೆ ಇಟ್ಟರು ಅನ್ನುವುದರ ಮೇಲೆ ಎಲ್ಲ ನಿಂತಿರುತ್ತದೆ.

ಬನವಾಸಿ_ರಸ್ತೆ ಉತ್ತರ:

ಎಲ್ಲರೂ ಕಾರವಾರದ ಲೆಕ್ಕದಲ್ಲೇ ಬರೆದಿದ್ದೀರಿ. ಘಟ್ಟದ ಮೇಲೆ ತೊಂದರೆಗಳೇ ಬೇರೆ.

ಮಳೆಗಾಲದಲ್ಲಿ ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೆ ಅಂತ ಹೇಳುವ ಹಾಗಿಲ್ಲ. ಜನರೇಟರು ಇದ್ದರೂ ಶವಾಗಾರದ ಲೈನು ಅದಕ್ಕೆ ಸೇರಿದೆಯೋ ಇಲ್ಲವೋ ಮೊದಲೇ ನೋಡಿಕೊಳ್ಳಿ. ಎಷ್ಟೋ ಕಡೆ ಆಪರೇಷನ್ ಥಿಯೇಟರಿಗೆ ಮಾತ್ರ ಸೇರಿರುತ್ತದೆ. ಕರೆಂಟು ಹೋದಾಗ ಬಾಗಿಲು ತೆರೆಯದಿದ್ದರೆ ತಂಪು ಕೆಲವು ಗಂಟೆ ನಿಲ್ಲುತ್ತದೆ. ‘ಹೇಗಿದೆ ನೋಡೋಣ’ ಅಂತ ಪದೇ ಪದೇ ತೆಗೆದರೆ ನಿಲ್ಲದು. ಕರೆಂಟು ಬಂದ ಕ್ಷಣವೇ ಕಂಪ್ರೆಸರ್ ಹತ್ತಿಕೊಂಡರೆ ಸುಟ್ಟೀತು, 3ರಿಂದ 5 ನಿಮಿಷ ತಡ ಮಾಡಿ ಹತ್ತುವ ಸ್ಟೆಬಿಲೈಸರ್ ಇರಲಿ. ಕೆಳಗೆ ಕಡಲ ಬದಿಯಲ್ಲಾದರೆ ಉಪ್ಪುಗಾಳಿಗೆ ಕಂಡೆನ್ಸರಿನ ಅಲ್ಯೂಮಿನಿಯಂ ರೆಕ್ಕೆಗಳು ಪುಡಿಯಾಗುತ್ತವೆ. ಸಿಹಿನೀರಿನಿಂದ ಆಗಾಗ ತೊಳೆಯುತ್ತಿರಬೇಕು. ಬಾಗಿಲ ರಬ್ಬರು ಸಡಿಲವಾದರೆ ಒಳಗೆ ಮಂಜು ಕಟ್ಟುತ್ತದೆ, ಉಷ್ಣತೆ ಏರುತ್ತದೆ. ಕಾಗದ ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆದು ನೋಡಿ. ಸುಲಭವಾಗಿ ಜಾರಿ ಬಂತೆಂದರೆ ರಬ್ಬರು ಬದಲಿಸಬೇಕು.

ಇಲ್ಲಿ ಬರುವ ಕೇಸುಗಳಲ್ಲಿ ಅಡಿಕೆ ಮರದಿಂದ ಬಿದ್ದದ್ದು, ನೇಣು, ತೋಟದ ಔಷಧಿ ಕುಡಿದದ್ದು ಇರುತ್ತವೆ. ನೇಣಿನ ಹಗ್ಗದ ಗಂಟು ಬಿಚ್ಚಬೇಡಿ. ಗಂಟಿನಿಂದ ದೂರ ಕತ್ತರಿಸಿ, ಕತ್ತರಿಸಿದ ಎರಡು ತುದಿಯನ್ನೂ ದಾರದಿಂದ ಕಟ್ಟಿ ಹಾಗೇ ಇಡಬೇಕು. ಕಾಳುಕಡ್ಡಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ನುಂಗಿದ ಕೇಸಿನಲ್ಲಿ ಜಠರ ತೆರೆಯುವಾಗ ಫಾಸ್ಫೀನ್ ಎಂಬ ವಿಷಾನಿಲ ಹೊರಬರುತ್ತದೆ. ಎಲ್ಲ ಕಿಟಕಿ ತೆರೆದು, ಎಕ್ಸಾಸ್ಟ್ ಹಾಕಿ, ಮುಖ ಹತ್ತಿರ ಒಯ್ಯದೆ ಕೆಲಸ ಮಾಡಬೇಕು. ಬಟ್ಟೆಯ ಮಾಸ್ಕು ಅನಿಲವನ್ನು ತಡೆಯುವುದಿಲ್ಲ, ಎನ್-95 ಕೂಡ ತಡೆಯುವುದಿಲ್ಲ.

ಸಿದ್ದಾಪುರದ ಕಡೆಯ ಮಂಗನ ಕಾಯಿಲೆಯ ಬಗ್ಗೆ ಹೊಸಬರು ಕೇಳಿಯೇ ಕೇಳುತ್ತಾರೆ. ಅದು ಉಣುಗಿನಿಂದ ಬರುವುದು, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ರಕ್ತ ಮುಟ್ಟುವಾಗಿನ ಎಚ್ಚರ ಎಲ್ಲ ದೇಹಕ್ಕೂ ಒಂದೇ.

ರಾತ್ರಿ ಪಿಎಂ ಬಗ್ಗೆ: 2021ರ ನವೆಂಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಸೂರ್ಯಾಸ್ತದ ನಂತರವೂ ಮಾಡಬಹುದು ಅಂತ ಹೇಳಿತು. ಆದರೆ ಸರಿಯಾದ ಬೆಳಕು, ವ್ಯವಸ್ಥೆ ಇದ್ದಲ್ಲಿ ಮಾತ್ರ. ಕೊಲೆ, ಆತ್ಮಹತ್ಯೆ, ಅತ್ಯಾಚಾರ, ಕೊಳೆತ ದೇಹ, ಅನುಮಾನದ ಸಾವು ಇವನ್ನು ರಾತ್ರಿ ಮಾಡುವಂತಿಲ್ಲ, ಕಾನೂನು ಸುವ್ಯವಸ್ಥೆಯ ಪ್ರಶ್ನೆ ಎದ್ದರೆ ಮಾತ್ರ ಬೇರೆ. ‘ಈಗ ರಾತ್ರಿನೂ ಮಾಡ್ತಾರಂತಲ್ಲ’ ಅಂತ ಬರುವವರಿಗೆ ಇದನ್ನು ತಿಳಿಸಬೇಕಾಗುತ್ತದೆ.

ಸೂಜಿ_ಮತ್ತು_ಸೋಪು ಉತ್ತರ:

ಮೂರನೇ ಪ್ರಶ್ನೆಗೆ. ಹೆಣ ಮುಟ್ಟಿದ ಮಾತ್ರಕ್ಕೆ ರೋಗ ಬರುವುದಿಲ್ಲ. ಅಪಾಯ ಇರುವುದು ಕೊಯ್ತ, ಸೂಜಿ ಚುಚ್ಚು, ಕಣ್ಣಿಗೆ ಸಿಡಿಯುವ ದ್ರವ ಮತ್ತು ಉಸಿರಿನಲ್ಲಿ.

ಸೇರುವ ಮೊದಲೇ ಹೆಪಟೈಟಿಸ್-ಬಿ ಲಸಿಕೆ: ಇವತ್ತು ಒಂದು, ಒಂದು ತಿಂಗಳಿಗೆ ಒಂದು, ಆರನೇ ತಿಂಗಳಿಗೆ ಒಂದು. ಮೂರೂ ಆದ ಮೇಲೆ 1-2 ತಿಂಗಳಿಗೆ ರಕ್ತ ಪರೀಕ್ಷೆಯಲ್ಲಿ ಪ್ರತಿಕಾಯದ ಮಟ್ಟ 10 mIU/ml ಅಥವಾ ಮೇಲೆ ಬಂದಿದೆಯೇ ನೋಡಬೇಕು. ಇದನ್ನು ಬಹುತೇಕರು ಬಿಟ್ಟೇ ಬಿಡುತ್ತಾರೆ. ಜೊತೆಗೆ ಟಿಟನಸ್ ಚುಚ್ಚುಮದ್ದು. ಕ್ಷಯದ ಶ್ವಾಸಕೋಶ ಕೊಯ್ಯುವಾಗಲೂ ವಿದ್ಯುತ್ ಗರಗಸ ಓಡುವಾಗಲೂ ಎನ್-95.

ಕೈಗೆ ಎರಡು ಜೊತೆ ಗ್ಲವ್ಸ್. ಅವುಗಳ ನಡುವೆ, ಚಾಕು ಹಿಡಿಯದ ಕೈಗೆ ಕೊಯ್ತ ತಡೆಯುವ ಗ್ಲವ್ಸ್. ಗಾಯ ಆಗುವುದು ಹೆಚ್ಚಾಗಿ ಅಂಗ ಹಿಡಿದ ಕೈಗೇ. ಆ ಗ್ಲವ್ಸ್ ಕೊಯ್ತವನ್ನು ತಡೆಯುತ್ತದೆ, ಸೂಜಿಯ ಮೊನೆಯನ್ನಲ್ಲ. ಚುಚ್ಚಿದರೆ ಹಿಂಡಬೇಡಿ. ಹರಿಯುವ ನೀರು, ಸೋಪು, ಕೂಡಲೇ ವರದಿ. ಎಚ್‌ಐವಿ ತಡೆಯುವ ಮಾತ್ರೆ 2 ಗಂಟೆಯೊಳಗೆ ಶುರುವಾದರೆ ಉತ್ತಮ, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ, 28 ದಿನ ತಪ್ಪದೆ ನುಂಗಬೇಕು. ಮೇಲಿನವರಿಗೆ ಹೇಳಿದರೆ ಬೈದಾರು ಅಂತ ರಾತ್ರಿ ಕಳೆಯುವುದು ದಡ್ಡತನ.

ನೆಲ, ಮೇಜಿಗೆ 1 ಶೇಕಡಾ ಹೈಪೋಕ್ಲೋರೈಟ್. ಕ್ಯಾನಿನ ಮೇಲೆ 5 ಶೇಕಡಾ ಅಂತಿದ್ದರೆ 1 ಪಾಲಿಗೆ 4 ಪಾಲು ನೀರು, 10 ಅಂತಿದ್ದರೆ 9 ಪಾಲು. ಬ್ಲೀಚಿಂಗ್ ಪುಡಿಯಾದರೆ ಲೀಟರಿಗೆ ಸುಮಾರು 33 ಗ್ರಾಂ. ಮೊದಲು ರಕ್ತ ಒರೆಸಿ ತೆಗೆದು ಆಮೇಲೆ ಹಾಕಿ, ರಕ್ತ ಇದ್ದಲ್ಲಿ ಕ್ಲೋರಿನ್ ಶಕ್ತಿ ಕಳೆದುಕೊಳ್ಳುತ್ತದೆ. ದಿನಾ ಹೊಸದಾಗಿ ಕಲಸಿ. ಸ್ಟೀಲ್ ಮೇಜಿನ ಮೇಲೆ 10 ನಿಮಿಷ ಬಿಟ್ಟು ನೀರಲ್ಲಿ ತೊಳೆಯದಿದ್ದರೆ ಚುಕ್ಕೆ ಚುಕ್ಕೆ ತುಕ್ಕು. ಟಾಯ್ಲೆಟ್ ಆ್ಯಸಿಡ್ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ ಎದ್ದು ಉಸಿರು ಕಟ್ಟುತ್ತದೆ. ಫಾರ್ಮಲಿನ್ ಚೆಲ್ಲಿದ ಜಾಗಕ್ಕೂ ಹೈಪೋಕ್ಲೋರೈಟ್ ಸುರಿಯಬೇಡಿ.

ಕಸ: ಅಂಗಾಂಶ, ರಕ್ತದ ಹತ್ತಿ ಹಳದಿ ಚೀಲಕ್ಕೆ, ಗ್ಲವ್ಸ್, ಕೊಳವೆ ಕೆಂಪಿಗೆ, ಬ್ಲೇಡು, ಸೂಜಿ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ಗಾಜು ನೀಲಿಗೆ. 48 ಗಂಟೆಗಿಂತ ಹೆಚ್ಚು ಇಡುವಂತಿಲ್ಲ.

ವಾಸನೆಗೆ ಮೂಗಿನ ಕೆಳಗೆ ವಿಕ್ಸ್ ಹಚ್ಚುವುದು ಸಿನಿಮಾದ ಉಪಾಯ. ಮೂಗು ಇನ್ನಷ್ಟು ತೆರೆದುಕೊಳ್ಳುತ್ತದೆ ಅಷ್ಟೆ.

ಅಘನಾಶಿನಿ_ದಂಡೆ:

ಎಲ್ಲರಿಗೂ ಧನ್ಯವಾದ. ಡಿಎಂಎಲ್‌ಟಿ ಕಡೆಗೇ ಮನಸ್ಸು ವಾಲುತ್ತಿದೆ. ಎರಡು ಉಪಪ್ರಶ್ನೆ. ಹೊರಗುತ್ತಿಗೆಗೆ ಸೇರಿದರೆ ಏನು ನೋಡಿಕೊಳ್ಳಬೇಕು? ಎಂಬಾಮಿಂಗ್ (ದೇಹ ಕೊಳೆಯದಂತೆ ಒಳಗೆ ದ್ರವ ತುಂಬುವುದು) ಕಲಿತರೆ ಇಲ್ಲಿ ಕೆಲಸ ಇದೆಯೇ?

ಕೋಡಿಬಾಗ_ಬಸ್‌ಸ್ಟಾಪ್ ಉತ್ತರ:

ಹೊರಗುತ್ತಿಗೆಯಲ್ಲಿ ನೇಮಕ ಪತ್ರ ಕೈಗೆ ಸಿಗದೆ ಒಂದು ದಿನವೂ ಹೋಗಬೇಡಿ. ಅದರಲ್ಲಿ ‘ಶವಾಗಾರ ಸಹಾಯಕ’ ಅಂತ ಇರಲಿ. ಸ್ವಚ್ಛತಾ ಕೆಲಸಕ್ಕೆ ಅಂತ ತೆಗೆದುಕೊಂಡು, ಜಾತಿ ನೋಡಿ ಶವಾಗಾರಕ್ಕೆ ತಳ್ಳುವ ಹಳೆಯ ಚಾಳಿ ಇನ್ನೂ ಪೂರ್ತಿ ಹೋಗಿಲ್ಲ. ಬರಹದಲ್ಲಿದ್ದರೆ ಲಸಿಕೆ, ಗ್ಲವ್ಸ್, ಬೂಟು ಕೇಳುವ ಹಕ್ಕೂ ಇರುತ್ತದೆ, ಅನುಭವ ಪತ್ರಕ್ಕೂ ಬೆಲೆ ಬರುತ್ತದೆ. ಪಿಎಫ್‌ಗೆ ನಿಮ್ಮ ಪಾಲು 12 ಶೇಕಡಾ ಕಡಿತವಾದರೆ ಅಷ್ಟೇ ಅವರದ್ದೂ ಬೀಳಬೇಕು. ಯುಎಎನ್ ಸಂಖ್ಯೆ ಪಡೆದು ತಿಂಗಳಿಗೊಮ್ಮೆ ಪಾಸ್‌ಬುಕ್ ನೋಡಿ. ಸಂಬಳ 21,000ದೊಳಗಿದ್ದರೆ ಇಎಸ್‌ಐ ಕೂಡ. ಅದಕ್ಕೆ ನಿಮ್ಮ ಕಡಿತ 0.75 ಶೇಕಡಾ. ಚೀಟಿಯಲ್ಲಿ ಕಡಿತ ಇದ್ದು ಖಾತೆಗೆ ಬೀಳದಿದ್ದರೆ ಆಸ್ಪತ್ರೆಯ ಆಡಳಿತಕ್ಕೆ ಲಿಖಿತ ದೂರು ಕೊಡಿ. ಏಜೆನ್ಸಿ ಕಟ್ಟದಿದ್ದರೆ ಮೂಲ ಉದ್ಯೋಗದಾತರಾಗಿ ಅವರಿಗೂ ಹೊಣೆ ಇದೆ.

ಮೇಜು_ನಂ_2 ಉತ್ತರ:

ಎಂಬಾಮಿಂಗ್ ಅಂಗರಚನಾ ವಿಭಾಗದ ಕೆಲಸ. ದೇಹದಾನದಲ್ಲಿ ಬಂದ ದೇಹ, 1957ರ ಅಂಗರಚನಾ ಕಾಯ್ದೆಯಡಿ ಸಿಗುವ ವಾರಸುದಾರರಿಲ್ಲದ ದೇಹ ಇವನ್ನು ವಿದ್ಯಾರ್ಥಿಗಳಿಗಾಗಿ ಕಾಪಿಡಲು. ತೊಡೆಸಂದಿನ ಅಥವಾ ಕತ್ತಿನ ದೊಡ್ಡ ಅಪಧಮನಿ ತೆರೆದು ಫಾರ್ಮಲಿನ್, ಗ್ಲಿಸರಿನ್, ಸ್ಪಿರಿಟ್, ಫೀನಾಲ್, ನೀರಿನ ಮಿಶ್ರಣವನ್ನು ನಿಧಾನವಾಗಿ ಇಳಿಸುತ್ತಾರೆ. ಸಾಮಾನ್ಯ ಮೈಕಟ್ಟಿಗೆ 10 ಲೀಟರ್ ಆಸುಪಾಸು. ಆತುರಕ್ಕೆ ಒತ್ತಡ ಏರಿಸಿದರೆ ಮುಖ ಊದಿಕೊಳ್ಳುತ್ತದೆ, ದ್ರವ ಕೈಬೆರಳು ತಲುಪದೆ ಅಲ್ಲಲ್ಲಿ ಕೊಳೆಯುತ್ತದೆ. ತಲುಪದ ಜಾಗಕ್ಕೆ ಸಿರಿಂಜಿನಿಂದ ಬೇರೆಯಾಗಿ ಚುಚ್ಚಬೇಕು. ಪೊಲೀಸ್ ಕೇಸಿನ ದೇಹಕ್ಕೆ ಪಿಎಂ ಆಗದೆ ಎಂಬಾಮಿಂಗ್ ಮಾಡಲೇಬಾರದು, ವಿಷದ ಸುಳಿವೆಲ್ಲ ಅಳಿಸುತ್ತದೆ.

ಹೊರಗಿನ ಬೇಡಿಕೆ ವಿಮಾನದಲ್ಲಿ ಕಳಿಸುವ ದೇಹಗಳಿಗೆ. ಗೋಕರ್ಣದಲ್ಲಿ ವಿದೇಶಿಯೊಬ್ಬರು ತೀರಿಕೊಂಡರೆ ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ, ಪೊಲೀಸರ ಅನುಮತಿ, ಮರಣ ಪ್ರಮಾಣಪತ್ರ, ರದ್ದಾದ ಪಾಸ್‌ಪೋರ್ಟು, ಇವುಗಳ ಜೊತೆ ಎಂಬಾಮಿಂಗ್ ಪ್ರಮಾಣಪತ್ರ ಮತ್ತು ಪೆಟ್ಟಿಗೆ ಸೀಲು ಮಾಡಿದ ಪತ್ರ ಬೇಕು. ಪ್ರಮಾಣಪತ್ರಕ್ಕೆ ಸಹಿ ಹಾಕುವವರು ವೈದ್ಯರು, ಕೈಯಾಡಿಸುವವರು ವಿಭಾಗದ ಟೆಕ್ನಿಷಿಯನ್. ನಮ್ಮ ಜಿಲ್ಲೆಯಲ್ಲಿ ಅದೊಂದನ್ನೇ ನಂಬಿ ಹೊಟ್ಟೆ ಹೊರೆಯುವಷ್ಟು ಕೇಸು ಬರುವುದಿಲ್ಲ. ಡಿಎಂಎಲ್‌ಟಿ ಮುಗಿಸಿ ಕಾಲೇಜಿಗೆ ಸೇರಿದರೆ ಅಂಗರಚನಾ ವಿಭಾಗದಲ್ಲಿ ಕೆಲಸದ ಜೊತೆಗೇ ಕಲಿಯಬಹುದು.